ಅಮೆರಿಕದ ಬೇಲಿಗೆ ಮಾವ ಹೇಳಿದ ಮಂಗಳ

ಕಣಕಟ್ಟೆ
21-2-1999, ಭಾನುವಾರ

ಮಧುವಿನ ಅಪ್ಪನಿಗೆ ಅನುಸೂಯಳ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಹುಬ್ಬಳ್ಳಿಯ ಧೂಳು ಆಗುವುದಿಲ್ಲವೆಂದು ಗೊತ್ತಿದ್ದೂ ಮಫ್ಲರನ್ನು ಇಲ್ಲೇ ಗೂಟಕ್ಕೆ ನೇತುಹಾಕಿ ಹೋಗಿದ್ದೀರಿ. ರೈಲ್ವೆ ಕ್ವಾರ್ಟರ್ಸಿನಲ್ಲಿ ನೀರು ಸರಿಯಾಗಿ ಬರುತ್ತಿದೆಯೋ ಇಲ್ಲವೋ ಅದನ್ನೂ ಬರೆಯಿರಿ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಚೆನ್ನಾಗಿದೆ. ಮಾವ ಎಂದಿನಂತೆ ಪೇಪರನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಓದಿ ಮುಗಿಸಿಯೇ ಸ್ನಾನಕ್ಕೆ ಏಳುತ್ತಾರೆ. ಕೆಂದ ಹಸು ಕರು ಹಾಕಿತು, ಹೆಣ್ಣು ಕರು.

ಈಗ ವಿಷಯಕ್ಕೆ ಬರುತ್ತೇನೆ. ಕೋಪ ಬಂದರೆ ಪೂರ್ತಿ ಓದಿದ ಮೇಲೆ ಮಾಡಿಕೊಳ್ಳಿ, ಮಧ್ಯದಲ್ಲಿ ಬೇಡ. ಮಧುವನ್ನು ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಅರಸೀಕೆರೆಯ ಶಾಲೆಯಿಂದ ಹೆಡ್‌ಮಾಸ್ಟರ್ ಷಡಕ್ಷರಪ್ಪನವರು ಹೇಳಿಕಳಿಸಿದ್ದರು. ಕೂರಿಸದಿದ್ದರೆ ಇನ್ನೊಂದು ವರ್ಷ ಒಂಬತ್ತನೇ ಕ್ಲಾಸೇ ಗತಿ. ಇಷ್ಟಕ್ಕೆಲ್ಲ ಕಾರಣ ಅಮೆರಿಕದವರು ಬರೆದ ಒಂದು ಹಳೆಯ ಕಾದಂಬರಿ.

ಮಕ್ಕಳ ಇಂಗ್ಲಿಷು ಸುಧಾರಿಸಲಿ ಎಂದು ಈ ವರ್ಷ ಒಂಬತ್ತನೇ ಕ್ಲಾಸಿಗೆ ಅದನ್ನು ಓದಲು ಇಟ್ಟಿದ್ದಾರೆ. ಬೆಟ್ಟದ ಮೇಲೆ ಸೇಬಿನ ತೋಟ. ಅಣ್ಣ ಎಬ್ನರ್, ತಮ್ಮ ಲೂಥರ್. ಇಬ್ಬರ ತೋಟದ ನಡುವೆ ಒಂದು ಬೇಲಿ. ಅದು ಯಾರ ಕಡೆಗೆ ಸರಿದಿದೆ ಎಂಬ ವಿಚಾರದಲ್ಲಿ ಮಾತು ನಿಂತುಹೋಗಿದೆ. ಹುಬ್ಬು ಗಂಟಿಕ್ಕಬೇಡಿ. ಪುಸ್ತಕ ಆರಿಸಿದ್ದು ಶಾಲೆಯವರು, ನಾನಲ್ಲ. ತೆಂಗಿನ ಸಾಲಿನ ಬೇಲಿಗಾಗಿ ನೀವೂ ನಿಮ್ಮ ತಮ್ಮನೂ ಮಾತು ಬಿಟ್ಟಿರುವುದು ಅರಸೀಕೆರೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮಧು ಎರಡು ಪುಟ ಓದಿ, ಪ್ರತಿ ಸಾಲಿಗೂ ಡಿಕ್ಷನರಿ ನೋಡಬೇಕು ಎಂದು ಪುಸ್ತಕವನ್ನು ತಾತನ ಕೈಗೆ ಕೊಟ್ಟಳು. ಪೋಸ್ಟ್‌ಮಾಸ್ಟರ್ ಆಗಿದ್ದವರಿಗೆ ಇಂಗ್ಲಿಷೇನು ಕಷ್ಟ? ಹಗಲು ತಾವು ಓದಿಕೊಂಡು, ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳತೊಡಗಿದರು, ಶ್ರಾವಣದಲ್ಲಿ ಪುರಾಣ ಹೇಳುವ ಅದೇ ರಾಗದಲ್ಲಿ. ಅತ್ತೆ ಅವರೆಕಾಯಿ ಸುಲಿಯುತ್ತ ತೀರ್ಪು ಕೊಡುತ್ತಿದ್ದರು. “ಮೊದ್ಲು ಸರ್ವೆಯವರನ್ನ ಕರ್ಸಿ ಕಲ್ಲು ನೋಡಿಸ್ಬೇಕಿತ್ತು. ಅದ್ಬಿಟ್ಟು ಮುಖ ತಿರುಗಿಸ್ಕೊಂಡು ಓಡಾಡಿದ್ರೆ ಬೇಲಿ ತಾನಾಗೇ ಸರೀತದಾ?” ಅಲ್ಲಿ ಮಂಡಿಮಟ ಹಿಮ ಬೀಳುತ್ತದೆ, ರಾಗಿ ಬೆಳೆಯುವುದಿಲ್ಲ ಎಂದು ಮಾವ ಹೇಳಿದರೆ, “ರಾಗಿ ತಿನ್ನದೋರಿಗೆ ಅಷ್ಟು ವರ್ಷ ಜಗಳ ಆಡೋ ಶಕ್ತಿ ಎಲ್ಲಿಂದ ಬತ್ತದೆ?” ಎಂದು ಕೇಳಿದರು. ಅದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ಮಾತು. ಪಕ್ಕದ ನಿಮ್ಮ ತಮ್ಮನ ಮನೆಯಲ್ಲಿ ಸಂಜೆಯಾದರೆ ಜೋರಾಗಿ ಹಾಡುತ್ತಿದ್ದ ರೇಡಿಯೋ, ಈ ಕಥೆ ಶುರುವಾದಂದಿನಿಂದ ನಿಂತುಹೋಗಿತ್ತು. ಬ್ಯಾಟರಿ ಮುಗಿದಿರಬೇಕು ಎಂದುಕೊಂಡಿದ್ದೆ.

ನಿಮಗೆ ಗೊತ್ತಲ್ಲ, ನಮ್ಮ ಮನೆಯಲ್ಲಿ ಪುರಾಣ ಓದುವಾಗ ಯಾರಾದರೂ ಸತ್ತ ಕಡೆ ಪುಸ್ತಕ ಮುಚ್ಚುವುದಿಲ್ಲ. ಎಷ್ಟೇ ಹೊತ್ತಾಗಲಿ, ಒಂದು ಮದುವೆಯೋ ಪಟ್ಟಾಭಿಷೇಕವೋ ಬರುವ ತನಕ ಮುಂದಕ್ಕೆ ಓದಿ, ಮಂಗಳ ಹೇಳಿಯೇ ಏಳಬೇಕು. ಈ ಕಾದಂಬರಿಯ ಕೊನೆಯಲ್ಲಿ ಎಬ್ನರ್ ಒಬ್ಬನೇ ಹಿಮದಲ್ಲಿ ಬೇಲಿ ರಿಪೇರಿಗೆ ಹೋಗಿ ಅಲ್ಲೇ ಸತ್ತುಹೋಗುತ್ತಾನೆ. ಬೆಳಿಗ್ಗೆ ತಮ್ಮ ಬಂದು ನೋಡಿ ಪಕ್ಕದಲ್ಲಿ ಕೂರುತ್ತಾನೆ. ಮುಂದೆ ಪುಟವೇ ಇಲ್ಲ. ಆವತ್ತು ಮಾವ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಜಗಲಿಯಲ್ಲಿ ಕೂತು, ಬಿಳಿ ಹಾಳೆಯನ್ನು ನೋಡುತ್ತ ತಾವೇ ಓದಿಬಿಟ್ಟರು. ಲೂಥರ್ ಅಣ್ಣನನ್ನು ಹೆಗಲ ಮೇಲೆ ಹೊತ್ತು ತಂದ, ಮೆಣಸಿನ ಕಷಾಯ ಕುಡಿಸಿದ, ಅಣ್ಣ ಕಣ್ಣು ಬಿಟ್ಟ. ಬೇಲಿ ಕಿತ್ತರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಉತ್ಸಾಹದಲ್ಲಿ ಅಣ್ಣನ ಮಗಳನ್ನು ತಮ್ಮನ ಮಗನಿಗೆ ಕೊಟ್ಟು ಮದುವೆಯನ್ನೂ ಮಾಡಿಸಿದರು. ಅತ್ತೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, “ನಿಮ್ಮ ಬುದ್ಧಿ ಎಲ್ಲೈತೆ? ಅವರಿಬ್ರೂ ಅಣ್ಣ ತಂಗಿ ಆಗಕಿಲ್ವಾ?” ಎಂದರು. ಮಾವ ಕನ್ನಡಕ ಒರೆಸಿಕೊಂಡು, “ಒಂದು ಸಾಲು ಹಾರಿತ್ತು ಕಣೇ. ಹುಡುಗ ಆ ಊರಿನ ಮೇಷ್ಟ್ರು,” ಎಂದು ತಿದ್ದಿದರು. ಮದುವೆಯಲ್ಲಿ ಅಣ್ಣತಮ್ಮಂದಿರು ಜೊತೆಯಾಗಿ ನಿಂತು ಬಂದವರಿಗೆಲ್ಲ ತೆಂಗಿನಕಾಯಿ ಹಂಚಿದಲ್ಲಿಗೆ ಮಂಗಳವಾಯಿತು. ಅತ್ತೆ ಕೈಮುಗಿದರು.

ಕಾದಂಬರಿ ಹೇಗೆ ಮುಗಿಯುತ್ತದೆ ಎಂದೇ ಟೆಸ್ಟಿನಲ್ಲಿ ಪ್ರಶ್ನೆ ಬಂತು. ಮಧು ಕಷಾಯದಿಂದ ತೆಂಗಿನಕಾಯಿಯವರೆಗೆ ಒಂದೂ ಬಿಡದೆ ಬರೆದಳು. ಬಿ ಸೆಕ್ಷನ್ನಿನಲ್ಲಿ ನಿಮ್ಮ ತಮ್ಮನ ಮಗ ಹೇಮಂತನೂ ಅದನ್ನೇ ಬರೆದ.

ಬುಧವಾರ ಮಾವನೂ ನಾನೂ ಶಾಲೆಗೆ ಹೋದೆವು. ಮಾವ ಕೋಟು ಹಾಕಿದ್ದರು. ಆಫೀಸಿನ ಬೆಂಚಿನ ಆ ತುದಿಯಲ್ಲಿ ನಿಮ್ಮ ತಮ್ಮ ಆಗಲೇ ಬಂದು ಕೂತಿದ್ದರು. ಈ ತುದಿಯಲ್ಲಿ ನಾವು ಕೂತೆವು. ನಡುವೆ ಒಂದು ಸಂಸಾರ ಕೂರುವಷ್ಟು ಜಾಗವಿತ್ತು.

ಷಡಕ್ಷರಪ್ಪನವರು ಎರಡೂ ಉತ್ತರಗಳನ್ನು ಓದಿ ಹೇಳಿದರು. “ಹಿಮ ಬೀಳೋ ಬೆಟ್ಟದ ಮೇಲೆ ತೆಂಗಿನಕಾಯಿ ಎಲ್ಲಿಂದ ಬಂತು? ಇವರಿಬ್ಬರೂ ಬಸ್ಸಿನಲ್ಲೂ ಮಾತಾಡಲ್ವಂತೆ. ಟೆಸ್ಟಲ್ಲಿ ಬೇರೆ ಬೇರೆ ರೂಮಲ್ಲಿ ಕೂತಿದ್ದರು. ಅಂದರೆ ಯಾವುದೋ ಕಳ್ಳ ಗೈಡ್ ಬಂದಿದೆ. ಎಲ್ಲಿ ಮಾರ್ತಾರೆ, ಅದನ್ನ ಹೇಳಿ ಸಾಕು.”

ಮಾವ ಎದ್ದು ನಿಂತರು. “ಆ ಗೈಡು ನಾನೇ ಸಾರ್,” ಎಂದರು. “ಎಬ್ನರ್ ಸತ್ತಿದ್ದು ನಂಗೂ ಗೊತ್ತು. ದೀಪ ಹಚ್ಚಿದ ಹೊತ್ನಲ್ಲಿ, ಮನೆ ಹೆಂಗಸರು ಮಕ್ಕಳು ಕೂತಿರೋವಾಗ, ಸಾವಿನ ಮೇಲೆ ಪುಸ್ತಕ ಮುಚ್ಚೋಕಾಯ್ತದಾ?”

“ಸರಿ, ನಿಮ್ಮ ಮೊಮ್ಮಗಳು ಕೇಳಿಸಿಕೊಂಡಳು. ಈ ಹುಡುಗ? ಎರಡು ಮನೆಗೂ ಹೋಗಿ ಬರೋದೇ ಇಲ್ಲ ಅಂತ ಮಕ್ಕಳೇ ಹೇಳಿದ್ರು.”

ನಿಮ್ಮ ತಮ್ಮ ನೆಲ ನೋಡುತ್ತ ಹೇಳಿದರು. “ಗೋಡೆ ಪಕ್ಕ ಕೂತ್ಕೊಂಡು ಕೇಳ್ತಿದ್ವಿ ಸಾರ್. ನಾನು, ನನ್ನ ಹೆಂಡ್ತಿ ಚಲುವಿ, ಮಗ, ಎಲ್ಲಾರೂವೆ. ಒಂದಿನಾನೂ ತಪ್ಪಿಸ್ಲಿಲ್ಲ.”

ಮಾವ ಅವರ ಕಡೆ ತಿರುಗಿ, “ಒಳಗೆ ಬಂದು ಕೇಳೋಕೆ ಏನ್ಲಾ ಆಗಿತ್ತು ನಿಂಗೆ?” ಎಂದರು.

ಷಡಕ್ಷರಪ್ಪನವರು ಪೇಪರುಗಳನ್ನು ಮಡಿಸಿಟ್ಟು, “ನಮ್ಮ ತಾತಾನೂ ಹೀಗೇ. ಆದರೆ ಪುರಾಣದಲ್ಲಿ ಮುಂದೆ ಪುಟ ಇರ್ತಿತ್ತು ಯಜಮಾನ್ರೇ, ಇದರಲ್ಲಿ ಇಲ್ಲವಲ್ಲ,” ಎಂದರು. ಕೊನೆಗೆ ಒಂದು ದಾರಿ ಹೇಳಿದರು. ಮಕ್ಕಳಿಬ್ಬರೂ ಕೊನೆಯ ಅಧ್ಯಾಯವನ್ನು ತಾವೇ ಓದಿ ಶನಿವಾರ ಮತ್ತೆ ಟೆಸ್ಟ್ ಬರೆಯಬೇಕು. ಇನ್ನು ಮೇಲೆ ಪುಸ್ತಕವನ್ನು ಮಕ್ಕಳೇ ಓದುತ್ತಾರೆಂದು ಇಬ್ಬರ ಮನೆಯಿಂದಲೂ ಜವಾಬ್ದಾರಿಯ ಸಹಿ ಬೇಕು, ಅದೂ ಅಂದೇ. ತಾತನ ಸಹಿ ಮಾತ್ರ ಯಾವ ಕಾರಣಕ್ಕೂ ಬೇಡವಂತೆ. ನಾನೇ ಹಾಕೋಣವೆಂದು ಪೆನ್ನಿಗಾಗಿ ಚೀಲಕ್ಕೆ ಕೈಹಾಕಿದೆ. ಆ ಸಹಿಯ ವಿಷಯ ಆಮೇಲೆ ಬರೆಯುತ್ತೇನೆ.

ಗುರುವಾರ ಮಧು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಡಿಕ್ಷನರಿ ಇಟ್ಟುಕೊಂಡು ತಾನೇ ಓದಿದಳು. ಒಳಗೆ ಬಂದಾಗ ಮುಖ ಊದಿತ್ತು. “ಆ ತಮ್ಮ ಹಿಂದಿನ ದಿನವೇ ಬರಬಹುದಿತ್ತಲ್ವಾ ಅಮ್ಮ?” ಎಂದಳು. ಬರಬಹುದಿತ್ತು ಎಂದೆ. ನಿನ್ನೆ ಇಬ್ಬರೂ ಟೆಸ್ಟ್ ಬರೆದು ಪಾಸಾದರು, ವಾರ್ಷಿಕ ಪರೀಕ್ಷೆಗೆ ಕೂರಿಸುತ್ತಾರೆ. ಹೋಗುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು, ಒಂದೇ ಪುಸ್ತಕ ಹಿಡಿದು ಓದಿಕೊಂಡು ಹೋದರಂತೆ. ಅತ್ತೆಯ ಮುಂದೆ ಮಾತ್ರ ನಾವು ಯಾರೂ ಬಾಯಿ ಬಿಟ್ಟಿಲ್ಲ. ಅವರ ಲೆಕ್ಕದಲ್ಲಿ ಎಬ್ನರ್ ಗುಂಡುಕಲ್ಲಿನ ಹಾಗಿದ್ದಾನೆ. ಮಗಳು ಬಸುರಿಯಾದಳೋ ಇಲ್ಲವೋ ಎಂದು ನಿನ್ನೆ ಕೂಡ ಮಾವನನ್ನು ಕೇಳುತ್ತಿದ್ದರು.

ಹೊತ್ತು ಹೊತ್ತಿಗೆ ಊಟ ಮಾಡಿ, ಬಿಸಿನೀರು ಕುಡಿಯಿರಿ. ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ಮಧು ಬೇರೆ ಪತ್ರ ಬರೆಯುತ್ತಾಳಂತೆ, ಇಂಗ್ಲಿಷಿನಲ್ಲಿ.

ಇಂತಿ ನಿಮ್ಮ
ಅನುಸೂಯ

ತಾ.ಕ.: ಪೋಸ್ಟಿಗೆ ಹಾಕುವವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಬುಧವಾರ ಶಾಲೆಯಲ್ಲಿ ನಾನು ಪೆನ್ನು ಹುಡುಕುವಷ್ಟರಲ್ಲಿ, ಯಾರೂ ಕೇಳದೆ ನಿಮ್ಮ ತಮ್ಮನೇ ಎದ್ದು ಹೋಗಿ ಎರಡು ಕಡೆಯೂ ಸಹಿ ಹಾಕಿದರು. ಹೇಮಂತನಿಗೆ ತಂದೆ ಎಂದು, ಮಧುವಿಗೆ ಚಿಕ್ಕಪ್ಪ ಎಂದು. ಒಂದೇ ಬಸ್ಸಿನಲ್ಲಿ ವಾಪಸು ಬಂದೆವು. ನಾನೇ ಕರೆದು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ಆ ಮನೆಯವರಿಗೆ ಒಂದು ಲೋಟ ನೀರು ಕೊಡಕೂಡದೆಂದು ನೀವು ಹೇಳಿದ್ದು ನೆನಪಿದೆ. ನೀರು ಕೊಡಲಿಲ್ಲ. ಲೋಟ ಕೆಳಗಿಟ್ಟು, “ಅಣ್ಣ ಯಾವಾಗ ಬತ್ತಾನೆ ಅತ್ತಿಗೆ?” ಎಂದು ಕೇಳಿದರು. ಯುಗಾದಿಗೆ ಬರುತ್ತಾರೆ, ಬಂದವರೇ ಮೊದಲು ನಿಮ್ಮ ಮನೆಗೇ ಬರುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ. ರಜೆಗೆ ಬರೆದುಹಾಕಿ. ಇಲ್ಲದ್ದನ್ನು ಕಟ್ಟಿ ಹೇಳುವುದಕ್ಕೆ ಈ ಮನೆಯಲ್ಲಿ ಮಾವ ಒಬ್ಬರು ಸಾಕು.