ಆಪರೇಷನ್ ಕೋಣೆಯ ದೀಪ ಆರಿಸಲು ಬಿಡಿ

ಹಾಸನದ ಆಸ್ಪತ್ರೆಯಲ್ಲಿ ಆ ದೀಪ ಆರಿಸಕೂಡದೆಂಬ ಆದೇಶಕ್ಕೆ ಸಹಿ ಹಾಕಿದ ಮಾನ್ಯರೇ,

ನಿಮ್ಮ ಆದೇಶಕ್ಕೆ ಕಾರಣನಾದ ಪುಂಡ ನಾನೇ. ಅಪರಾಧಿ ನಾನಾಗಿರುವಾಗ ಆಪರೇಷನ್ ಕೋಣೆಯ ಆ ಕ್ಯಾಮೆರಾವನ್ನೇಕೆ ಸ್ಟೋರ್ ರೂಮಿನಲ್ಲಿ ಬಂಧಿಸಿಟ್ಟಿದ್ದೀರಿ? ನನಗೆ ಜಾಮೀನು ಸಿಕ್ಕಿ ಎಂಟು ತಿಂಗಳಾಯಿತು, ಅದಕ್ಕಿನ್ನೂ ಸಿಕ್ಕಿಲ್ಲ.

ಚನ್ನರಾಯಪಟ್ಟಣದ ಹತ್ತಿರದ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಯಂತ್ರವೊಂದು ನನ್ನ ಹೆಂಡತಿ ಧನಲಕ್ಷ್ಮಿಯ ಬಲಗೈಯನ್ನು ಮೊಣಕೈವರೆಗೂ ಎಳೆದುಕೊಂಡು ಜಜ್ಜಿಹಾಕಿತು. ಹಾಸನದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಅಂಗಿಯೆಲ್ಲ ಅವಳ ರಕ್ತ. ಆಪರೇಷನ್ ಕೋಣೆಯ ಬಾಗಿಲ ಗಾಜಿನಿಂದ ನೋಡುತ್ತ ನಿಂತಿದ್ದೆ. ಇದ್ದಕ್ಕಿದ್ದಂತೆ ಒಳಗಿನ ದೀಪಗಳೆಲ್ಲ ಆರಿದವು. ಕರೆಂಟ್ ಹೋಗಿರಲಿಲ್ಲ, ನನ್ನ ತಲೆಯ ಮೇಲಿನ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಹಾಗಾದರೆ ಅವಳು ಸತ್ತಳು, ಇವರು ದೀಪ ಆರಿಸಿ ಹೊರಟರು ಎಂದುಕೊಂಡೆ. "ಸಾಯಿಸ್ಬುಟ್ರಲ್ಲೋ" ಎಂದು ಅರಚುತ್ತ ಬಾಗಿಲು ಒದ್ದು ನುಗ್ಗಿದೆ. ಗ್ಲೂಕೋಸ್ ಸ್ಟ್ಯಾಂಡ್ ಕಿತ್ತು ಮೊದಲು ಸಿಕ್ಕಿದ ತಲೆಗೆ ಬಾರಿಸಿದೆ. ಅದು ಆಪರೇಷನ್ ಮಾಡುತ್ತಿದ್ದ ಡಾಕ್ಟರ್ ಸಿಂಧು ಅವರ ತಲೆ. ಎರಡನೇ ಏಟಿಗೆ ಕ್ಯಾಮೆರಾ ಉರುಳಿಬಿತ್ತು.

ಆಮೇಲೆ ಕ್ಷಮೆ ಕೇಳಲು ಹೋದಾಗ ಆ ತಾಯಿಯೇ ನನಗೆ ಬಿಡಿಸಿ ಹೇಳಿದರು. ರಕ್ತನಾಳಕ್ಕೆ ಒಂದು ಬಣ್ಣದ ಔಷಧ ಚುಚ್ಚುತ್ತಾರೆ. ಕೋಣೆ ಕತ್ತಲು ಮಾಡಿ ಕ್ಯಾಮೆರಾ ಹಿಡಿದರೆ, ರಕ್ತ ಹರಿಯುವ ಮಾಂಸ ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತದೆ, ಸತ್ತದ್ದು ಕಪ್ಪಗೇ ಉಳಿಯುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಉಳಿಸಬೇಕು ಎಂದು ಆಗ ಗೊತ್ತಾಗುತ್ತದೆ. "ಬಣ್ಣ ಆಗಷ್ಟೇ ಮೊಣಕೈ ದಾಟಿ ಇಳೀತಿತ್ತು. ಎಲ್ಲೀವರೆಗೆ ಇಳಿಯುತ್ತೋ ನೋಡೋಕೆ ನೀವು ಬಿಡ್ಲಿಲ್ಲ" ಎಂದರು. ಅವರನ್ನು ಹೊತ್ತೊಯ್ದ ಮೇಲೆ ಬಂದ ಬೇರೆ ವೈದ್ಯರು, ಜೀವ ಉಳಿದರೆ ಸಾಕೆಂದು ಮೊಣಕೈಯ ಮೇಲೆಯೇ ಕತ್ತರಿಸಿದರು. ಈಗ ಧನಲಕ್ಷ್ಮಿ ಒಂಟಿ ಕೈಯಲ್ಲಿ ಜಡೆ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿದರೆ, ಅದೇ ಸ್ಟ್ಯಾಂಡಿನಿಂದ ನನ್ನನ್ನೇ ಚಚ್ಚಿಕೊಳ್ಳಬೇಕೆನಿಸುತ್ತದೆ.

ನೀವೇನು ಮಾಡಿದಿರಿ? ಬಾಗಿಲಿಗೆ ಇಬ್ಬರು ಲಾಠಿಯವರು, ದೀಪಕ್ಕೆ ಆದೇಶ, ರಿಪೇರಿಯಾಗಿ ಬಂದ ಕ್ಯಾಮೆರಾಕ್ಕೆ ಬೀಗ. ಎಂಥ ದೂರದೃಷ್ಟಿ! ಹೊರಗಿನವರು ಹೆದರುತ್ತಾರೆಂದು ಒಳಗಿನವರ ಕಣ್ಣು ಕಟ್ಟಿದಿರಿ. ಹೋದ ತಿಂಗಳು ಅರಕಲಗೂಡಿನ ಟ್ರ್ಯಾಕ್ಟರ್ ಡ್ರೈವರ್ ಪಾಪಯ್ಯನ ಕಾಲನ್ನು ಅಂದಾಜಿನ ಮೇಲೆ ಕತ್ತರಿಸಿದರು. ಉಳಿಸಿದ್ದು ಕೊಳೆಯಿತೆಂದು ಮತ್ತೆ ಕತ್ತರಿಸಿದರು. ಆ ಪಾಪದಲ್ಲಿ ನನಗೂ ನಿಮಗೂ ಪಾಲಿದೆ.

ಇವತ್ತೇ ಆ ಆದೇಶ ಹರಿದುಹಾಕಿ, ಕ್ಯಾಮೆರಾ ಹೊರತೆಗೆಸಿ. ದೀಪ ಆರಿಸುವ ಮೊದಲು, ಏಕೆ ಆರಿಸುತ್ತಾರೆಂದು ಬಾಗಿಲಲ್ಲಿ ಕಾದವರಿಗೆ ಹೇಳಲು ಒಬ್ಬರನ್ನು ನಿಲ್ಲಿಸಿ. ಆ ದಿನ ನನಗೆ ಅಷ್ಟು ಹೇಳುವವರಿರಲಿಲ್ಲ. ಸಿಬ್ಬಂದಿ ಇಲ್ಲವೆಂದರೆ ನಾನೇ ಬಂದು ನಿಲ್ಲುತ್ತೇನೆ. ಈ ಮಾತನ್ನು ಧನಲಕ್ಷ್ಮಿಗೂ ಹೇಳಿದೆ. ಅವಳು ಮುಖ ನೋಡದೆ ಅಂದಳು: "ಓಗಿ ನಿಂತ್ಕೊ. ಯಾರಾನಾ ಒಡ್ಯಾಕ್ ಬಂದ್ರೆ, ಆ ಏಟು ನಿಂಗೇ ಬೀಳ್ಲಿ."

ಇಂತಿ,
ಹೆಂಡತಿಯ ಕೈ ಕಳೆದ ಆರೋಪಿ ನಂಬರ್ ಒಂದು,
ಮನೋಹರ, ಬಾಗೂರು