ಬದನೆಕಾಯಿ ಮುಟ್ಟಬೇಡ

ಭುವನಾ,

ನಿನ್ನ ಚಿಕ್ಕಮ್ಮನ ಮೊಮ್ಮಗನ ನಾಮಕರಣಕ್ಕೆ ಮೂಗೂರಿಗೆ ಹೊರಟೆ.

ಮೆಣಸಿನ ಸಾರು ಬಿಸಿ ಮಾಡ್ಕೊಂಡು, ತುಪ್ಪ ಧಾರಾಳವಾಗಿ ಹಾಕ್ಕೊಂಡು ಉಣ್ಣು. ಬದನೆಕಾಯಿ ಪಲ್ಯ ನಿಮ್ಮಪ್ಪನಿಗೆ; ನಿನ್ನ ಹೊಲಿಗೆಗೆ ನಂಜಾಗುತ್ತೆ. ನೀರಿನ ಕೊಡ ಎತ್ತಿದ್ದು ಗೊತ್ತಾಗಲಿ, ಐತೆ ನಿಂಗೆ!

"ಮಕ್ಕಳೇ ಆಗದಂಗೆ ಮಾಡ್ಸಿರೋ ಆಪರೇಷನ್‌ಗೆ ಯಾರಮ್ಮ ಬಾಣಂತನ ಮಾಡ್ತಾರೆ?" ಅಂತ ನಗ್ತೀಯ. ನಗು. ಮಕ್ಕಳು ಬೇಡ ಅಂತ ಕಂಡಕಂಡ ಡಾಕ್ಟರಿಗೆಲ್ಲ ಹೇಳಿ ಹೇಳಿ, ಬೈಸಿಕೊಂಡು ಬಂದು, ರಾತ್ರಿ ಎದ್ದು ಕೂತು ಅಳ್ತಿದ್ದವಳು ಈಗ ಗೊರಕೆ ಹೊಡೀತೀಯ. ಕೇಳೋಕೆ ಹಿತವಾಗಿದೆ.

ಮೂಗೂರಲ್ಲಿ "ನಿಮ್ಮ ಮಗಳದು ಯಾವಾಗ?" ಅಂತ ಕೇಳೇ ಕೇಳ್ತಾರೆ. ಇಷ್ಟು ವರ್ಷ "ಆಗುತ್ತೆ ಬಿಡಿ" ಅಂತ ಜಾರಿಕೊಳ್ತಿದ್ದೆ. ಇವತ್ತು ನಿಜಾನೇ ಹೇಳ್ತೀನಿ: "ಆಪರೇಷನ್ ಮಾಡಿಸ್ಕೊಂಡವಳೆ ಕಣ್ರೀ, ನಾನೇ ಬಾಣಂತನ ಮಾಡ್ತಿವ್ನಿ. ರಾತ್ರಿ ಎದ್ದು ಅಳೋರು ನಮ್ಮನೇಲಿ ಯಾರೂ ಇಲ್ಲ."

ಅಮ್ಮ