ಚೌಕದೊಳಗಿನ ಆಮೆ

ಪ್ರೀತಿಯ ಅಕ್ಕ,

ಕ್ಲೆಮೆಂಟ್ ಕೌನ್ಸಿಲ್ ಚುನಾವಣೆ ಗೆದ್ದ, ಅದೂ ಒಂದೇ ಒಂದು ಮತದಿಂದ. ಗಂಡನ ಏಜೆಂಟ್ ಆಗಿ ನಾನೂ ಮತ ಎಣಿಕೆಗೆ ಹೋಗಿದ್ದೆ. ಈಜುಕೊಳದ ಪಕ್ಕದ ಆ ಆಟದ ಹಾಲ್‌ಗೆ ನಾನು ಇಷ್ಟು ವರ್ಷದಲ್ಲಿ ಕಾಲಿಟ್ಟಿರಲಿಲ್ಲ. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮೇಜು ಹಾಕಿದ್ದರು, ಎಲ್ಲೆಲ್ಲೂ ಕ್ಲೋರಿನ್ ವಾಸನೆ. ಮತ್ತೆ ಎಣಿಸಿದರೂ ಇವನಿಗೂ ಎದುರಾಳಿ ಡಾಫ್ನಿಗೂ ಸಮಸಮ. ಕೊನೆಗೆ ಉಳಿದದ್ದು ಅನುಮಾನವಿದೆಯೆಂದು ಬದಿಗಿಟ್ಟ ಒಂದು ಮತಪತ್ರ. ಚುನಾವಣಾಧಿಕಾರಿ ಅದನ್ನು ಎಲ್ಲರಿಗೂ ತೋರಿಸಿದರು. ಕ್ಲೆಮೆಂಟ್ ಹೆಸರಿನ ಮುಂದಿನ ಚೌಕದಲ್ಲಿ ಗುರುತಿನ ಬದಲು ಕನ್ನಡಕ ಹಾಕಿದ, ಸುರುಳಿ ಬಾಲದ ಒಂದು ಆಮೆ.

“ಇದು ವೋಟಲ್ಲ ರೀ, ಬೈಗುಳ,” ಎಂದಳು ಡಾಫ್ನಿ.

“ಆಮೆ ಚೌಕದ ಒಳಗೇ ಇದೆಯಲ್ಲಮ್ಮ. ನಿಮ್ಮ ಚೌಕ ಖಾಲಿ. ಇವರಿಗೆ ಹಾಕಿದ ಹಾಗೇ ಲೆಕ್ಕ,” ಎಂದರು ಅಧಿಕಾರಿ.

“ಒಂದು ಕಾಲು ಗೆರೆ ದಾಟಿದೆ ನೋಡಿ.”

ಅಧಿಕಾರಿ ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ನೋಡಿದರು. “ದಾಟಿಲ್ಲ, ಮುಟ್ಟಿದೆ ಅಷ್ಟೆ.”

ಅಲ್ಲಿಂದೀಚೆಗೆ ಕ್ಲೆಮೆಂಟ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ: “ನಾನು ನಿಧಾನ ಆದ್ರೂ ಗಟ್ಟಿ ಅಂತ ಯಾರೋ ಅಭಿಮಾನದಿಂದ ಬರೆದಿದ್ದಾರೆ.”

ವಿಟ್ಬಿಯ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಇಳಿಯಿತೇ? ಸಂಜೆ ಹೊರಗೆ ಹೋದರೆ ಕುತ್ತಿಗೆಗೆ ಮಫ್ಲರ್ ಸುತ್ತಿಕೋ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ನೀನು ಅಲ್ಲಿಂದ ಅಂಚೆಯಲ್ಲಿ ಕಳಿಸಿದ ಮತ ತಲುಪಿತೋ ಇಲ್ಲವೋ ಎಂಬ ಚಿಂತೆ ಬೇಡ, ತಲುಪಿದೆ. ಆಮೆಗೆ ಹಂದಿಯ ಹಾಗೆ ಸುರುಳಿ ಬಾಲ ಬರೆಯುವವರು ಚಿಕ್ಕಂದಿನಿಂದಲೂ ನಮ್ಮ ಮನೆಯಲ್ಲಿ ಒಬ್ಬರೇ.

ನಿನ್ನ ತಂಗಿ,
ಐವಿ